ಲ್ಯಾಬ್ರಡಾರ್ ಮೈಬಣ್ಣ ನೋಡಿ ಸ್ವಭಾವ, ಬುದ್ಧಿ ಹೇಳಬಹುದೇ?

ಮೊದಲ ಲ್ಯಾಬ್:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಲ್ಯಾಬ್ರಡಾರ್ ಮರಿ ತರಬೇಕು ಅಂತ ತೀರ್ಮಾನ ಆಗಿದೆ. ಒಂದು ಸೂಲಿನ ಮರಿಗಳನ್ನು ನೋಡಿಕೊಂಡು ಬಂದಿದ್ದೇವೆ. ತಂದೆ, ತಾಯಿ ಎರಡೂ ಕಪ್ಪು. ಆದರೆ ಮರಿಗಳಲ್ಲಿ ಕಪ್ಪು, ಹಳದಿ, ಚಾಕೊಲೇಟ್ ಮೂರೂ ಇವೆ. ಯಾವುದನ್ನು ತರೋಣ ಅನ್ನುವುದರಲ್ಲಿ ಮನೆಯವರ ಮಾತು ಒಂದಾಗುತ್ತಿಲ್ಲ.

ಕಪ್ಪು ಲ್ಯಾಬ್ ಬಹಳ ಬುದ್ಧಿವಂತ, ಹೇಳಿದ್ದನ್ನು ಬೇಗ ಕಲಿಯುತ್ತದೆ ಅಂತ ಒಬ್ಬರು. ಹಳದಿ ಸಾಧು, ಸ್ವಲ್ಪ ಸೋಮಾರಿ, ಮಕ್ಕಳಿರುವ ಮನೆಗೆ ಅದೇ ಸರಿ ಅಂತ ಇನ್ನೊಬ್ಬರು. ಚಾಕೊಲೇಟ್ ಮಾತ್ರ ಬೇಡ, ಅದು ಹಟಮಾರಿ, ಮನೆ ಎಲ್ಲ ಕಿತ್ತು ಹಾಕುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಮಗಳಿಗೆ ಇಷ್ಟ ಆಗಿರುವುದು ಚಾಕೊಲೇಟ್ ಮರಿಯೇ. ಇದು ನಮ್ಮ ಮೊದಲ ನಾಯಿ. ಬಣ್ಣದ ಬಗ್ಗೆ ಹೇಳುವ ಈ ಮಾತುಗಳಲ್ಲಿ ನಿಜ ಎಷ್ಟು? ಅನುಭವ ಇರುವವರು ದಯವಿಟ್ಟು ಹೇಳಿ.

ಬೆಳಗಿನ ವಾಕಿಂಗ್:

ನಾನು ಕಪ್ಪು, ಹಳದಿ ಎರಡನ್ನೂ ಸಾಕಿದ್ದೇನೆ. ಕಪ್ಪಿನ ಚುರುಕೇ ಬೇರೆ. ಒಮ್ಮೆ ತೋರಿಸಿದರೆ ಸಾಕಿತ್ತು. ಹಳದಿ ತುಂಬಾ ಪ್ರೀತಿಯ ನಾಯಿ, ಆದರೆ ಊಟ ಮತ್ತು ನಿದ್ದೆ ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಅಕ್ಕಪಕ್ಕದಲ್ಲಿ ನೋಡಿದ ಚಾಕೊಲೇಟ್ ನಾಯಿಗಳು ಒಂದು ನಿಮಿಷ ಸುಮ್ಮನೆ ಕೂತಿದ್ದನ್ನು ಕಂಡಿಲ್ಲ. ಹಳೆಯ ಬ್ರೀಡರ್‌ಗಳೂ ಇದನ್ನೇ ಹೇಳುತ್ತಾರೆ. ಇಷ್ಟು ಜನ ಒಂದೇ ಮಾತು ಹೇಳುತ್ತಿದ್ದಾರೆ ಅಂದರೆ ಅದರಲ್ಲಿ ಏನಾದರೂ ಇರಲೇಬೇಕು ಅಲ್ವಾ?

ತರಬೇತಿ ಮೈದಾನ:

ಬೆಳಗಿನ ವಾಕಿಂಗ್ ಅವರೇ, ನೀವು ಕಂಡಿದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಕಾರಣ ಬಣ್ಣ ಅಂತ ಒಪ್ಪುವುದು ಕಷ್ಟ. ನಾನು ನಾಯಿಗಳಿಗೆ ತರಬೇತಿ ಕೊಡುವವನು. ಲ್ಯಾಬ್‌ಗಳಲ್ಲಿ ನಾನು ಮೊದಲು ಕೇಳುವುದು ಇದು ಫೀಲ್ಡ್ ಲೈನೋ, ಶೋ ಲೈನೋ ಅಂತ.

ಬೇಟೆಯಲ್ಲಿ ಹೊಡೆದ ಹಕ್ಕಿಯನ್ನು ಹುಡುಕಿ ತರುವುದಕ್ಕೆ ಅಂತಲೇ ತಲೆಮಾರುಗಳಿಂದ ಬೆಳೆಸಿದ ವಂಶಗಳು ಫೀಲ್ಡ್ ಲೈನ್. ಅವುಗಳ ಮೈ ತೆಳು, ಓಟ ಜಾಸ್ತಿ, ಕಣ್ಣು ಸದಾ ಮನುಷ್ಯನ ಕೈ ಮೇಲೆ. ನಾಯಿ ಪ್ರದರ್ಶನಕ್ಕೆ ಅಂತ ಬೆಳೆಸಿದ ಶೋ ಲೈನ್ ನಾಯಿಗಳು ಅಗಲ ತಲೆಯವು, ದಪ್ಪ ಮೈಯವು, ಸಾಮಾನ್ಯವಾಗಿ ನಿಧಾನ. ಒಂದೇ ಬಣ್ಣದ ಎರಡು ನಾಯಿ, ಒಂದು ಈ ಕಡೆಯದು ಒಂದು ಆ ಕಡೆಯದು ತಂದು ನಿಲ್ಲಿಸಿದರೆ, ಎರಡು ಬೇರೆ ತಳಿ ಅಂತಲೇ ಅನ್ನಿಸಬಹುದು.

ಈಗ ಬಣ್ಣಕ್ಕೆ ಬನ್ನಿ. ಫೀಲ್ಡ್ ಲೈನ್‌ನಲ್ಲಿ ಕಪ್ಪು ಜಾಸ್ತಿ. ಹಳದಿಯೂ ಇದೆ. ಚಾಕೊಲೇಟ್ ಬಹಳ ಕಡಿಮೆ. ಕೆಲಸದ ನಾಯಿ ಬೇಕಾದವರು ಕಪ್ಪನ್ನೇ ಸಾಕಿದರು, ಅದರಲ್ಲೇ ಒಳ್ಳೆಯದನ್ನು ಆರಿಸಿದರು, ಮರಿ ಹಾಕಿಸಿದರು. ಹೀಗಾಗಿ ಕಪ್ಪು ನಾಯಿ ಚುರುಕು ಅನ್ನುವ ಮಾತು ಹುಟ್ಟಿತು. ಅಲ್ಲಿ ಚುರುಕಾಗಿದ್ದು ವಂಶ. ಆ ವಂಶದ ಬಣ್ಣ ಕಪ್ಪಾಗಿತ್ತು, ಅಷ್ಟೆ.

ಇದಕ್ಕೆ ಇತಿಹಾಸವೂ ಇದೆ. ಲ್ಯಾಬ್‌ನ ಮೂಲ ನ್ಯೂಫೌಂಡ್‌ಲ್ಯಾಂಡ್‌ನ ಮೀನುಗಾರರ ಜೊತೆ ಇದ್ದ ಸೇಂಟ್ ಜಾನ್ಸ್ ನಾಯಿ. ಅದರ ಬಣ್ಣ ಕಪ್ಪು, ಎದೆ ಮತ್ತು ಪಾದದಲ್ಲಿ ಬಿಳಿ. ಬ್ರಿಟನ್ನಿನ ಶ್ರೀಮಂತರು ಅದನ್ನು ತಂದು ತಳಿಯಾಗಿ ಬೆಳೆಸಿದಾಗ ಅವರಿಗೆ ಬೇಕಿದ್ದದ್ದು ಕಪ್ಪು ಮಾತ್ರ. ಬೇರೆ ಬಣ್ಣದ ಮರಿ ಹುಟ್ಟಿದರೆ ಎಷ್ಟೋ ಕಡೆ ಕೊಂದುಬಿಡುತ್ತಿದ್ದರು. ದಾಖಲೆಗೆ ಸಿಕ್ಕಿರುವ ಮೊದಲ ಹಳದಿ ಲ್ಯಾಬ್ 1899ರಲ್ಲಿ ಹುಟ್ಟಿದ ಬೆನ್ ಆಫ್ ಹೈಡ್. ಅದರ ತಂದೆ ತಾಯಿ ಕೂಡ ಕಪ್ಪೇ. ಬ್ರಿಟನ್ನಿನ ಕೆನೆಲ್ ಕ್ಲಬ್ ಈ ತಳಿಗೆ ಮಾನ್ಯತೆ ಕೊಟ್ಟಿದ್ದು 1903ರಲ್ಲಿ. ಚಾಕೊಲೇಟ್‌ಗೆ ಬೇಡಿಕೆ ಬಂದದ್ದು ಇದೆಲ್ಲ ಆಗಿ ಬಹಳ ಕಾಲದ ಮೇಲೆ. ಅದೂ ಬಹುಪಾಲು ಮನೆಯಲ್ಲಿ ಸಾಕುವವರಿಂದ.

ಜೀನ್ ಹುಡುಕಾಟ:

ತರಬೇತಿ ಮೈದಾನ ಅವರ ಮಾತಿಗೆ ಜೀನ್ ಲೆಕ್ಕ ಸೇರಿಸುತ್ತೇನೆ. ಮೊದಲ ಲ್ಯಾಬ್ ಅವರ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಲ್ಯಾಬ್‌ನ ಮೂರು ಬಣ್ಣಗಳನ್ನು ನಿರ್ಧರಿಸುವುದು ಮುಖ್ಯವಾಗಿ ಎರಡೇ ಜೀನ್. ಒಂದು ಟಿವೈಆರ್‌ಪಿ1. ಇದನ್ನು ಬಿ ಅಂತ ಕರೆಯುತ್ತಾರೆ. ಕಪ್ಪು ವರ್ಣಕ ಪೂರ್ತಿ ಕಪ್ಪಾಗಬೇಕೋ, ಕಂದಾಗಿ ಉಳಿಯಬೇಕೋ ಅನ್ನುವುದು ಇದರ ಕೆಲಸ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕಂದು ಪ್ರತಿ ಬಂದರೆ ಮಾತ್ರ ಮರಿ ಚಾಕೊಲೇಟ್. ಎರಡನೆಯದು ಎಂಸಿ1ಆರ್, ಅಂದರೆ ಇ. ಈ ಕಪ್ಪು ಅಥವಾ ಕಂದು ವರ್ಣಕ ಕೂದಲಿಗೆ ಹೋಗಬೇಕೋ ಬೇಡವೋ ಅನ್ನುವುದು ಇದರ ಕೆಲಸ. ಇದರ ಎರಡೂ ಪ್ರತಿ ಕೆಲಸ ಮಾಡದಿದ್ದರೆ ನಾಯಿ ಹಳದಿ. ಡಬ್ಬಿಯಲ್ಲಿ ಕಪ್ಪು ಬಣ್ಣ ತುಂಬಿದ್ದರೂ ಬ್ರಷ್‌ಗೆ ಹತ್ತದ ಹಾಗೆ. ಹಳದಿ ಲ್ಯಾಬ್‌ನ ಮೂಗು ಕಪ್ಪಗಿರುವುದು ಇದಕ್ಕೇ. ಒಳಗೆ ಕಪ್ಪಿದೆ, ಕೂದಲಿಗೆ ಬಂದಿಲ್ಲ.

ನಿಮ್ಮ ಸೂಲಿನಲ್ಲಿ ತಂದೆ ತಾಯಿ ಎರಡೂ ಕಪ್ಪು, ಮರಿಗಳು ಮೂರೂ ಬಣ್ಣ. ಅಂದರೆ ಆ ಎರಡೂ ನಾಯಿಗಳಲ್ಲಿ ಕಂದಿನ ಒಂದು ಪ್ರತಿ, ಹಳದಿಯ ಒಂದು ಪ್ರತಿ ಅಡಗಿದೆ. ಇಂಥ ಜೋಡಿಗೆ ಹುಟ್ಟುವ 16 ಮರಿಗಳಲ್ಲಿ ಸರಾಸರಿ 9 ಕಪ್ಪು, 3 ಚಾಕೊಲೇಟ್, 4 ಹಳದಿ.

ಈಗ ಗಮನ ಇಟ್ಟು ನೋಡಿ. ತರಬೇತಿ ಮೈದಾನ ಅವರು ಹೇಳಿದ ವಂಶದ ವ್ಯತ್ಯಾಸ ನಿಮ್ಮ ಸೂಲಿನೊಳಗೆ ಇಲ್ಲವೇ ಇಲ್ಲ. ಮೂರೂ ಬಣ್ಣದ ಮರಿಗಳಿಗೆ ಅಜ್ಜ ಅಜ್ಜಿ ಒಂದೇ, ಹಾಲು ಒಂದೇ, ಬೆಳೆಯುತ್ತಿರುವ ಜಾಗ ಒಂದೇ. ಬಣ್ಣ ಬದಲಾಗಿರುವುದು ಈ ಎರಡು ಜೀನ್ ಯಾರಿಗೆ ಹೇಗೆ ಹಂಚಿಕೆ ಆಯಿತು ಅನ್ನುವುದರಿಂದ. ಸ್ವಭಾವಕ್ಕೆ ಸಣ್ಣ ಸಣ್ಣ ಪಾಲು ಕೊಡುವ ಜೀನ್‌ಗಳು ಎಷ್ಟೋ ಇವೆ. ಅವು ಬೇರೆ ಬೇರೆ ಕ್ರೋಮೋಸೋಮ್‌ಗಳಲ್ಲಿ ಹರಡಿವೆ, ಬಣ್ಣ ನೋಡಿ ಹಂಚಿಕೆ ಆಗುವುದಿಲ್ಲ. ಬಣ್ಣದ ಜೀನ್‌ಗೆ ತೀರಾ ಹತ್ತಿರ ಕೂತಿರುವ ಜೀನ್‌ಗಳು ಅದರ ಜೊತೆಗೇ ಬರುವ ಸಾಧ್ಯತೆ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿ ಇರುವುದು ನಾಯಿಯ 11ನೇ ಕ್ರೋಮೋಸೋಮ್‌ನಲ್ಲಿ, ಇ ಇರುವುದು 5ನೆಯದರಲ್ಲಿ. ಒಟ್ಟು ಇರುವುದು 39 ಜೋಡಿ.

ಬೆಳಗಿನ ವಾಕಿಂಗ್:

ವಿವರಣೆ ಚೆನ್ನಾಗಿದೆ. ಆದರೆ ಚಾಕೊಲೇಟ್ ಲ್ಯಾಬ್ ಬೇರೆ ಥರ ಅಂತ ಎಡಿನ್‌ಬರ್ಗ್‌ನಲ್ಲಿ ಅಧ್ಯಯನವೇ ಆಗಿದೆಯಲ್ಲ? ಅದನ್ನು ಏನು ಮಾಡುತ್ತೀರಿ? ಇನ್ನೊಂದು. ಮೈಬಣ್ಣದ ಮೆಲನಿನ್, ಮೆದುಳಿನ ಡೋಪಮಿನ್ ಎರಡೂ ಒಂದೇ ಮೂಲವಸ್ತುವಿನಿಂದ ಆಗುತ್ತವೆ ಅಂತ ಓದಿದ್ದೇನೆ. ಹಾಗಾದರೆ ಬಣ್ಣ ಬದಲಾದರೆ ಮೆದುಳೂ ಬದಲಾಗಬೇಕಲ್ಲವೇ?

ಜೀನ್ ಹುಡುಕಾಟ:

ಒಳ್ಳೆಯ ಪ್ರಶ್ನೆಗಳು. ಆ ಅಧ್ಯಯನ ಬಂದದ್ದು 2014ರಲ್ಲಿ. ಎಡಿನ್‌ಬರ್ಗ್‌ನ ರೋಸ್ಲಿನ್ ಸಂಸ್ಥೆಯವರು ಬ್ರಿಟನ್ನಿನ ಸುಮಾರು 2,000 ಲ್ಯಾಬ್‌ಗಳ ಮಾಲೀಕರಿಗೆ ಸಿ-ಬಾರ್ಕ್ ಅನ್ನುವ ಪ್ರಶ್ನಾವಳಿ ಕಳಿಸಿ ಉತ್ತರ ಪಡೆದರು. ಕಪ್ಪು ನಾಯಿಗಳಿಗೆ ಹೋಲಿಸಿದರೆ ಚಾಕೊಲೇಟ್ ನಾಯಿಗಳಿಗೆ ಉದ್ವೇಗ ಜಾಸ್ತಿ, ಗಮನ ಕೊಡದಿದ್ದರೆ ಚಡಪಡಿಕೆ ಜಾಸ್ತಿ, ತರಬೇತಿಗೆ ಒಗ್ಗುವ ಅಂಕ ಕಡಿಮೆ ಅಂತ ಬಂತು. ಇದು ನಿಜ. ಆದರೆ ಅದೇ ಅಧ್ಯಯನದಲ್ಲಿ ಚಾಕೊಲೇಟ್ ನಾಯಿಗಳಿಗೆ ಸದ್ದಿನ ಭಯ ಕಡಿಮೆ ಅಂತಲೂ ಬಂತು. ಆ ಒಳ್ಳೆಯ ಮಾತನ್ನು ಯಾರೂ ಎತ್ತುವುದೇ ಇಲ್ಲ. ನನಗೆ ಇದು ಬೇಜಾರಿನ ಸಂಗತಿ.

ಇನ್ನು ಅದನ್ನು ಓದುವ ರೀತಿ. ಒಂದು, ಇದು ಸರಾಸರಿ. ಸಾವಿರಾರು ನಾಯಿಗಳಲ್ಲಿ ಕಾಣುವ ಸಣ್ಣ ವ್ಯತ್ಯಾಸ ಒಂದು ಮರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡು, ಉತ್ತರ ಬರೆದವರು ಮಾಲೀಕರು. ಚಾಕೊಲೇಟ್ ಅಂದರೆ ತುಂಟ ಅಂತ ಮೊದಲೇ ಕೇಳಿದವರೂ ಅವರಲ್ಲಿ ಇರುತ್ತಾರೆ. ಮೂರು, ಬೇಟೆಯ ಕೆಲಸಕ್ಕೆ ಬಳಸುವ ಗನ್‌ಡಾಗ್‌ಗಳಿಗೆ ತರಬೇತಿಯ ಅಂಕ ಮನೆಯ ನಾಯಿಗಳಿಗಿಂತ ಜಾಸ್ತಿ ಇತ್ತು. ವ್ಯಾಯಾಮ ಜಾಸ್ತಿ ಸಿಗುವ ನಾಯಿಗಳಲ್ಲಿ ಭಯ ಕಡಿಮೆ ಇತ್ತು, ಒಂಟಿ ಬಿಟ್ಟಾಗಿನ ಸಂಕಟವೂ ಕಡಿಮೆ ಇತ್ತು. ಅಂದರೆ ನಾಯಿಯ ಬದುಕು ಹೇಗಿದೆ ಅನ್ನುವುದು ಅದರ ನಡವಳಿಕೆಯಲ್ಲಿ ಕಾಣುತ್ತದೆ. ಅಧ್ಯಯನ ಮಾಡಿದವರು ಇಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆದರೂ ತಲೆಮಾರುಗಳ ಆಯ್ಕೆ ಪ್ರಶ್ನಾವಳಿಯಲ್ಲಿ ಪೂರ್ತಿ ಸಿಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಒಂದು ಯೋಚನೆ ಹೇಳುತ್ತೇನೆ. ಕೆಲವು ಹಳದಿ ಲ್ಯಾಬ್‌ಗಳ ಮೂಗು, ಕಣ್ಣಂಚು ಕಂದಾಗಿರುತ್ತವೆ. ಅವಕ್ಕೆ ಡಡ್ಲಿ ಅಂತ ಹೆಸರು. ಅವುಗಳ ಬಿ ಜೀನ್ ಚಾಕೊಲೇಟ್ ನಾಯಿಯದ್ದೇ. ಎರಡೂ ಪ್ರತಿ ಕಂದು. ಕೂದಲು ಮಾತ್ರ ಹಳದಿ. ಚಡಪಡಿಕೆಗೆ ಕಾರಣ ಆ ಜೀನ್ ಆಗಿದ್ದರೆ ಈ ಕಂದು ಮೂಗಿನ ಹಳದಿ ನಾಯಿಗಳೂ ಅಷ್ಟೇ ಚಡಪಡಿಸಬೇಕು. ಬೆಳಗಿನ ವಾಕಿಂಗ್ ಅವರೇ, ಡಡ್ಲಿ ನಾಯಿಗಳು ಹುಚ್ಚಾಟದವು ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಜನ ಕೂದಲಿನ ಬಣ್ಣಕ್ಕೆ ಕಥೆ ಕಟ್ಟಿದರು. ಮೂಗು ನೋಡಲಿಲ್ಲ.

ಡೋಪಮಿನ್ ವಿಷಯ. ಮೂಲವಸ್ತು ಟೈರೋಸಿನ್, ಅದು ನಿಜ. ಆದರೆ ಮೆಲನಿನ್ ಆಗುವುದು ಬಣ್ಣದ ಕೋಶಗಳಲ್ಲಿ, ಟೈರೋಸಿನೇಸ್ ಅನ್ನುವ ಕಿಣ್ವದಿಂದ. ನರಕೋಶದಲ್ಲಿ ಡೋಪಮಿನ್ ದಾರಿ ಶುರುವಾಗುವುದು ಟೈರೋಸಿನ್ ಹೈಡ್ರಾಕ್ಸಿಲೇಸ್ ಅನ್ನುವ ಬೇರೆ ಕಿಣ್ವದಿಂದ. ಚಾಕೊಲೇಟ್ ನಾಯಿಯಲ್ಲಿ ಬದಲಾಗಿರುವ ಟಿವೈಆರ್‌ಪಿ1 ಮುಖ್ಯವಾಗಿ ಬಣ್ಣದ ಕೋಶದಲ್ಲಿ ಕೆಲಸ ಮಾಡುವಂಥದ್ದು. ಮೂಲವಸ್ತು ಒಂದೇ ಆದ ಮಾತ್ರಕ್ಕೆ ಇಲ್ಲಿ ಆದ ಬದಲಾವಣೆ ಅಲ್ಲಿ ಆಗಬೇಕಿಲ್ಲ.

ಕಿವಿ ನೋಡಿ ಮೊದಲು:

ನಾನು ಪಶುವೈದ್ಯೆ. ಚಾಕೊಲೇಟ್ ಬಗ್ಗೆ ಎಲ್ಲರೂ ಸ್ವಭಾವ ಕೇಳುತ್ತಾರೆ. ಕೇಳಬೇಕಾದದ್ದು ಆರೋಗ್ಯ.

2018ರಲ್ಲಿ ಬ್ರಿಟನ್ನಿನ ಪಶುವೈದ್ಯರ ಕಡತಗಳಿಂದ 33,000ಕ್ಕೂ ಜಾಸ್ತಿ ಲ್ಯಾಬ್‌ಗಳ ಮಾಹಿತಿ ತೆಗೆದು, ಅದರಲ್ಲಿ ಸುಮಾರು 2,000 ನಾಯಿಗಳನ್ನು ಆರಿಸಿ ಕಾಯಿಲೆಗಳನ್ನು ನೋಡಿದರು. ಕಿವಿಯ ಉರಿಯೂತ ಕಪ್ಪು ನಾಯಿಗಳಲ್ಲಿ ಶೇ. 12.8, ಹಳದಿಯಲ್ಲಿ ಶೇ. 17, ಚಾಕೊಲೇಟ್‌ನಲ್ಲಿ ಶೇ. 23.4. ಕೆರೆದು ಕಚ್ಚಿ ಚರ್ಮ ಹಸಿಹುಣ್ಣಾಗುವ ತೊಂದರೆ ಕಪ್ಪಿನಲ್ಲಿ ಶೇ. 1.1, ಚಾಕೊಲೇಟ್‌ನಲ್ಲಿ ಶೇ. 4. ಆಯಸ್ಸಿನ ಮಧ್ಯಾಂಕ ಚಾಕೊಲೇಟ್‌ಗೆ 10.7 ವರ್ಷ, ಉಳಿದವಕ್ಕೆ 12.1 ವರ್ಷ.

ಇಲ್ಲೂ ಬಣ್ಣವೇ ನೇರ ಕಾರಣ ಅಂತ ಅಲ್ಲ. ಚಾಕೊಲೇಟ್ ಮರಿ ಬೇಕಾದರೆ ತಂದೆ ತಾಯಿ ಇಬ್ಬರಲ್ಲೂ ಕಂದಿನ ಪ್ರತಿ ಇರಬೇಕು. ಬಣ್ಣಕ್ಕಾಗಿಯೇ ಜೋಡಿ ಮಾಡುತ್ತಾ ಹೋದರೆ ಆಯ್ಕೆಗೆ ಸಿಗುವ ನಾಯಿಗಳು ಕಡಿಮೆ. ಆ ಸಣ್ಣ ಗುಂಪಿನಲ್ಲಿ ಕಿವಿ, ಚರ್ಮದ ತೊಂದರೆಗೆ ದಾರಿ ಮಾಡುವ ಜೀನ್‌ಗಳಿದ್ದರೆ ಅವೂ ಉಳಿದುಕೊಳ್ಳುತ್ತವೆ.

ಇದು ಸ್ವಭಾವದ ಚರ್ಚೆಗೂ ಸಂಬಂಧಪಟ್ಟದ್ದೇ. ಕಿವಿ ನೋಯುತ್ತಿರುವ ನಾಯಿ ಕೂತಲ್ಲಿ ಕೂರುವುದಿಲ್ಲ. ತಲೆ ಒದರುತ್ತದೆ. ಕರೆದರೆ ಗಮನ ಕೊಡುವುದಿಲ್ಲ. ತಲೆ ಸವರಲು ಹೋದರೆ ತಪ್ಪಿಸಿಕೊಳ್ಳುತ್ತದೆ, ಮಗು ಕಿವಿ ಹಿಡಿದರೆ ಗುರ್ ಅನ್ನುತ್ತದೆ. ಮನೆಯವರು ಇದನ್ನು ಹಟ ಅಂತ ಕರೆಯುತ್ತಾರೆ. ಹಟಮಾರಿ ಅಂತ ಕರೆತಂದ ನಾಯಿಯ ಕಿವಿಯೊಳಗೆ ನೋಡಿದರೆ ಕೆಂಪಾಗಿ ಊದಿಕೊಂಡಿರುತ್ತದೆ. ಔಷಧ ಹಾಕಿದ ಮೇಲೆ ಆ ನಾಯಿಯ ವರ್ತನೆ ಬದಲಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ತರಬೇತಿಗೆ ಒಗ್ಗುತ್ತಿಲ್ಲ ಅನ್ನುವ ಮೊದಲು ದಯವಿಟ್ಟು ಕಿವಿ ತೋರಿಸಿ.

ಇನ್ನೊಂದು, ಹಳದಿ ನಾಯಿಗೆ ಊಟ ಬಿಟ್ಟರೆ ಬೇರೇನೂ ಬೇಡ ಅಂದರಲ್ಲ, ಅದಕ್ಕೂ ಒಂದು ಜೀನ್ ಇದೆ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಪಿಓಎಂಸಿ ಅನ್ನುವ ಜೀನ್‌ನಲ್ಲಿ ಡಿಎನ್‌ಎಯ 14 ಅಕ್ಷರಗಳ ತುಂಡು ಬಿಟ್ಟುಹೋಗಿರುವುದನ್ನು ಕಂಡುಹಿಡಿದರು. ಇದು ಸುಮಾರು ಕಾಲು ಭಾಗ ಲ್ಯಾಬ್‌ಗಳಲ್ಲಿದೆ. ಇಂಥ ನಾಯಿಗೆ ಹೊಟ್ಟೆ ತುಂಬಿತು ಅನ್ನುವ ಸಂಕೇತ ಸರಿಯಾಗಿ ಸಿಗುವುದಿಲ್ಲ. ತಿಂಡಿಗೆ ಆಸೆ ಜಾಸ್ತಿ, ತೂಕವೂ ಜಾಸ್ತಿ. ಅಂಗವಿಕಲರಿಗೆ ನೆರವಾಗುವ ನಾಯಿಗಳ ಒಂದು ಗುಂಪನ್ನು ಪರೀಕ್ಷಿಸಿದಾಗ ಮುಕ್ಕಾಲು ಭಾಗದಲ್ಲಿ ಈ ಬದಲಾವಣೆ ಸಿಕ್ಕಿತು. ತಿಂಡಿಗೆ ಆಸೆಪಡುವ ನಾಯಿ ತಿಂಡಿ ಕೊಟ್ಟು ಕಲಿಸಿದರೆ ಬೇಗ ಕಲಿಯುತ್ತದೆ. ಹಾಗಾಗಿ ಅಂಥವು ಆಯ್ಕೆಯಾಗಿ ಬಂದಿರಬಹುದು. ನಾವು ಬುದ್ಧಿ ಅಂದುಕೊಳ್ಳುವುದರಲ್ಲಿ ಹಸಿವಿನ ಪಾಲೂ ಇದೆ.

ಜೀನ್ ಹುಡುಕಾಟ:

ವೈದ್ಯರು ಹೇಳಿದ್ದು ಬಹಳ ಮುಖ್ಯ. ಒಂದು ಮಾತು ಸೇರಿಸಬೇಕು. ಪಿಓಎಂಸಿಯಿಂದ ಹುಟ್ಟುವ ಒಂದು ಹಾರ್ಮೋನ್ ಎಂಸಿ1ಆರ್ ಮೂಲಕ ಮೈಬಣ್ಣದ ಮೇಲೂ ಕೆಲಸ ಮಾಡುತ್ತದೆ. ಇಲ್ಲಿ ಬಣ್ಣಕ್ಕೂ ಹಸಿವಿಗೂ ಗಂಟು ಬೀಳುವ ಅವಕಾಶ ನಿಜವಾಗಿಯೂ ಇತ್ತು. ಆದರೆ ಲ್ಯಾಬ್‌ನಲ್ಲಿ ಬಿಟ್ಟುಹೋಗಿರುವ ತುಂಡು ಬಣ್ಣದ ಆ ಹಾರ್ಮೋನನ್ನು ಮುಟ್ಟುವುದಿಲ್ಲ. ಬೀಟಾ-ಎಂಎಸ್‌ಎಚ್ ಮತ್ತು ಬೀಟಾ-ಎಂಡಾರ್ಫಿನ್ ಅನ್ನುವ ಬೇರೆ ಎರಡನ್ನು ಕೆಡಿಸುತ್ತದೆ.

ಕರಿಯ ಕಾಯುತ್ತಿದ್ದಾನೆ:

ನಾನು ಬಿಟ್ಟುಹೋದ ನಾಯಿಗಳಿಗೆ ಮನೆ ಹುಡುಕುವ ಕೆಲಸ ಮಾಡುತ್ತೇನೆ. ಬಣ್ಣದ ಕಥೆ ಕಪ್ಪು ನಾಯಿಗಳಿಗೆ ಮಾಡುವ ಅನ್ಯಾಯ ದಿನವೂ ಕಣ್ಣಿಗೆ ಬೀಳುತ್ತದೆ. ಬಂದವರು ಹಳದಿ ನಾಯಿ ಕಂಡರೆ ಕೈ ಚಾಚುತ್ತಾರೆ. ಅಷ್ಟೇ ಸೌಮ್ಯವಾದ ಕಪ್ಪು ನಾಯಿಯ ಮುಂದೆ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ. 2013ರಲ್ಲಿ ಒಂದು ಪ್ರಯೋಗ ಆಗಿತ್ತು. ನಾಯಿಯ ಫೋಟೋದಲ್ಲಿ ಬಣ್ಣ ಮಾತ್ರ ಬದಲಿಸಿ ಜನರಿಗೆ ತೋರಿಸಿದರು. ಹಳದಿ ಮಾಡಿದಾಗ ಅದೇ ನಾಯಿ ಜಾಸ್ತಿ ಸ್ನೇಹದ್ದು, ಸ್ಥಿರ ಮನಸ್ಸಿನದ್ದು ಅಂತ ಅಂಕ ಬಂತು. ಕಪ್ಪು ಮಾಡಿದಾಗ ಅಂಕ ಇಳಿಯಿತು. ಕಪ್ಪು ಮುಖದಲ್ಲಿ ಕಣ್ಣು, ಬಾಯಿಯ ಚಲನೆ ದೂರದಿಂದ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಜನ ಹಿಂಜರಿಯುತ್ತಾರೆ ಅಂತ ನನ್ನ ಅನಿಸಿಕೆ. ಬೆಳಕಿರುವ ಕಡೆ ಕೂರಿಸಿ ಫೋಟೋ ತೆಗೆದರೆ ಕಪ್ಪು ನಾಯಿಗಳ ಬಗ್ಗೆ ಕೇಳುವವರು ಜಾಸ್ತಿ ಆಗುತ್ತಾರೆ.

ಬೆಳಗಿನ ವಾಕಿಂಗ್:

ಮೂಗಿನ ವಾದಕ್ಕೆ ನನ್ನ ಬಳಿ ಉತ್ತರ ಇಲ್ಲ, ಒಪ್ಪುತ್ತೇನೆ. ಆದರೆ ಕಾಕರ್ ಸ್ಪೇನಿಯಲ್‌ಗಳಲ್ಲಿ ಕೆಂಪು, ಗೋಲ್ಡನ್ ಬಣ್ಣದವು ಜಾಸ್ತಿ ಸಿಡುಕು ಅಂತ ಬಂದಿತ್ತಲ್ಲ? ರಷ್ಯಾದ ನರಿಗಳ ಪ್ರಯೋಗದಲ್ಲಿ ಸಾಧು ನರಿಗಳ ಬಣ್ಣವೇ ಬದಲಾಯಿತು ಅಂತಾರೆ. ಅದು?

ಜೀನ್ ಹುಡುಕಾಟ:

ಕಾಕರ್ ವಿಷಯ ನಿಜ, 1996ರಲ್ಲಿ ಇಂಗ್ಲಿಷ್ ಕಾಕರ್‌ಗಳ ಮೇಲೆ ಬಂದದ್ದು. ಆದರೆ ಅದು ಬೇರೆ ತಳಿ, ಬೇರೆ ವಂಶಗಳು. ಕಾಕರ್‌ನ ಕೆಂಪಿಗೂ ಲ್ಯಾಬ್‌ನ ಹಳದಿಗೂ ಕಾರಣ ಅದೇ ಎಂಸಿ1ಆರ್. ಆ ಜೀನೇ ಸಿಡುಕು ತರುತ್ತದೆ ಅಂದರೆ ಹಳದಿ ಲ್ಯಾಬ್‌ಗಳು ಎಲ್ಲಕ್ಕಿಂತ ಸಿಡುಕಾಗಬೇಕಿತ್ತು. ನೀವೇ ಹಳದಿಯನ್ನು ತುಂಬಾ ಪ್ರೀತಿಯ ನಾಯಿ ಅಂದಿರಿ.

ನರಿಗಳ ಪ್ರಯೋಗ 1959ರಲ್ಲಿ ವಿಜ್ಞಾನಿ ಬೆಲ್ಯಾಯೆವ್ ಶುರು ಮಾಡಿದ್ದು, ಪ್ರತಿ ತಲೆಮಾರಿನಲ್ಲೂ ಸಾಧು ನರಿಗಳನ್ನೇ ಆರಿಸಿ ಮರಿ ಹಾಕಿಸುವ ಪ್ರಯೋಗ. ಅಲ್ಲಿ ಕಂಡದ್ದು ಬಿಳಿ ಮಚ್ಚೆ. ಭ್ರೂಣದಲ್ಲಿ ಬಣ್ಣದ ಕೋಶಗಳು ಮೈಯ ಕೆಲವು ಭಾಗ ತಲುಪದಿದ್ದರೆ ಮಚ್ಚೆ ಬರುತ್ತದೆ. ಲ್ಯಾಬ್‌ನಲ್ಲಿ ಕೋಶಗಳು ಎಲ್ಲ ಕಡೆ ತಲುಪಿರುತ್ತವೆ, ತಯಾರಿಸುವ ವರ್ಣಕ ಮಾತ್ರ ಬೇರೆ. ಎರಡೂ ಬೇರೆ ಬೇರೆ ಸಂಗತಿ. ಅಲ್ಲದೆ ಆ ನರಿಗಳು ಕಾಡಿನವಲ್ಲ, ತುಪ್ಪಳದ ಫಾರಂಗಳಿಂದ ಬಂದವು. ಅಂಥ ಮಚ್ಚೆ ಫಾರಂಗಳಲ್ಲಿ ಮೊದಲೇ ಇತ್ತು ಅಂತ 2019ರಲ್ಲಿ ಕೆಲವು ವಿಜ್ಞಾನಿಗಳು ತೋರಿಸಿದರು.

2022ರಲ್ಲಿ 18,000ಕ್ಕೂ ಜಾಸ್ತಿ ನಾಯಿಗಳ ಮೇಲೆ ಒಂದು ದೊಡ್ಡ ಅಧ್ಯಯನ ಬಂತು. ನಾಯಿಯಿಂದ ನಾಯಿಗೆ ಕಾಣುವ ವರ್ತನೆಯ ವ್ಯತ್ಯಾಸದಲ್ಲಿ ತಳಿ ವಿವರಿಸುವುದು ಸುಮಾರು ಶೇ. 9 ಮಾತ್ರ. ತಳಿಯೇ ಇಷ್ಟು ಅಂದ ಮೇಲೆ, ತಳಿಯೊಳಗಿನ ಬಣ್ಣದಿಂದ ಎಷ್ಟು ನಿರೀಕ್ಷೆ ಮಾಡಬಹುದು ಹೇಳಿ.

ಮೊದಲ ಲ್ಯಾಬ್:

ಎಲ್ಲರಿಗೂ ಧನ್ಯವಾದ. ಮನೆಯವರಿಗೆ ಇಡೀ ಚರ್ಚೆ ಓದಿ ಹೇಳಿದೆ. ಬಣ್ಣದ ಜಗಳ ನಿಂತಿದೆ. ಹಾಗಾದರೆ ಮರಿ ಆರಿಸುವಾಗ ಏನು ನೋಡಬೇಕು? ಬೇರೊಬ್ಬರು ನಮಗೆ ಸಿಲ್ವರ್ ಲ್ಯಾಬ್ ತೋರಿಸುತ್ತೇವೆ, ಅಪರೂಪ, ಬಹಳ ಶಾಂತ ಅಂತಲೂ ಹೇಳುತ್ತಿದ್ದಾರೆ.

ತರಬೇತಿ ಮೈದಾನ:

ತಾಯಿಯನ್ನು ನೋಡಿ. ಅಪರಿಚಿತರಾದ ನಿಮ್ಮ ಹತ್ತಿರ ತಾನಾಗಿ ಬರುತ್ತದೆಯೇ, ಮೂಲೆ ಸೇರುತ್ತದೆಯೇ? ಸಾಧ್ಯವಾದರೆ ತಂದೆಯನ್ನೂ ನೋಡಿ. ಇದೇ ಜೋಡಿಯ ಹಿಂದಿನ ಸೂಲಿನ ನಾಯಿಗಳು ಯಾರ ಮನೆಯಲ್ಲಿವೆ ಅಂತ ಕೇಳಿ, ಅವರ ಜೊತೆ ಮಾತಾಡಿ. ಹಿಂದಿನ ಸೂಲಿನ ದೊಡ್ಡ ನಾಯಿ ಹೇಳುವಷ್ಟನ್ನು ಎಂಟು ವಾರದ ಮರಿಯ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಮರಿಗಳು ಮನೆಯೊಳಗೆ ಜನರ ನಡುವೆ ಬೆಳೆಯುತ್ತಿವೆಯೇ, ಹಿತ್ತಲಿನ ಗೂಡಿನಲ್ಲೇ ಇವೆಯೇ ಅನ್ನುವುದೂ ಮುಖ್ಯ. ಮೂರನೇ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕು ವಾರದವರೆಗೆ ಕಂಡ ಜನ, ಕೇಳಿದ ಸದ್ದು, ತುಳಿದ ನೆಲ ನಾಯಿಗೆ ಜೀವನ ಪೂರ್ತಿ ಉಳಿಯುತ್ತದೆ. ಅದರಲ್ಲಿ ಅರ್ಧ ಕಾಲ ಬ್ರೀಡರ್ ಕೈಯಲ್ಲಿ, ಇನ್ನರ್ಧ ನಿಮ್ಮ ಕೈಯಲ್ಲಿ.

ನಿಮ್ಮ ಸೂಲು ಫೀಲ್ಡ್ ಲೈನ್ ಆಗಿದ್ದರೆ ಮೂರರಲ್ಲಿ ಯಾವ ಬಣ್ಣ ತಂದರೂ ದಿನಾ ಚೆನ್ನಾಗಿ ಓಡಿಸಬೇಕು, ತಲೆಗೂ ಕೆಲಸ ಕೊಡಬೇಕು. ಅದಕ್ಕೆ ಸಮಯ ಇದೆಯೇ ಅಂತ ಮನೆಯವರೆಲ್ಲ ಕೂತು ಮಾತಾಡಿ.

ಕಿವಿ ನೋಡಿ ಮೊದಲು:

ಸಿಲ್ವರ್ ಬೇಡ ಅಂತ ನನ್ನ ಸ್ಪಷ್ಟ ಅಭಿಪ್ರಾಯ. ಅದು ಚಾಕೊಲೇಟ್ ಬಣ್ಣವನ್ನೇ ತೆಳು ಮಾಡುವ ಎಂಎಲ್‌ಪಿಎಚ್ ಅನ್ನುವ ಇನ್ನೊಂದು ಜೀನ್‌ನ ಫಲ. ತಳಿಯ ಮಾನದಂಡದಲ್ಲಿ ಇರುವುದು ಮೂರೇ ಬಣ್ಣ. ತೆಳು ಬಣ್ಣದ ಕೆಲವು ನಾಯಿಗಳಿಗೆ ಕೂದಲು ಉದುರಿ ಚರ್ಮದ ಸೋಂಕು ಬರುತ್ತದೆ, ಕೂದಲು ಉದುರುವ ಆ ಕಾಯಿಲೆ ವಾಸಿಯಾಗುವುದಿಲ್ಲ. ಶಾಂತ ಅನ್ನುವುದು ಮಾರುವವರ ಮಾತು.

ನೀವು ನೋಡಿದ ಸೂಲಿನ ತಂದೆ ತಾಯಿಯ ಸೊಂಟ, ಮೊಣಕೈ ಕೀಲುಗಳ ಎಕ್ಸ್‌ರೇ ವರದಿ ಕೇಳಿ. ನಿಧಾನವಾಗಿ ಕಣ್ಣು ಕುರುಡಾಗುವ ಪಿಆರ್‌ಎ ಮತ್ತು ಓಡಿದಾಗ ಹಿಂಗಾಲು ಸೋತು ಬೀಳುವ ಇಐಸಿ, ಈ ಎರಡಕ್ಕೂ ಡಿಎನ್‌ಎ ಪರೀಕ್ಷೆ ಇದೆ. ಅದರ ಫಲಿತಾಂಶವನ್ನೂ ಕೇಳಿ. ಬಾಯಿಮಾತಿನಲ್ಲಿ ಬೇಡ, ಕಾಗದ ನೋಡಿ. ಎರಡೂ ನಾಯಿಗಳ ಕಿವಿ, ಚರ್ಮದ ತೊಂದರೆ ಬಗ್ಗೆಯೂ ಬಿಡದೆ ವಿಚಾರಿಸಿ. ಎಲ್ಲ ಸರಿಯಿದ್ದರೆ ಮಗಳು ಇಷ್ಟಪಟ್ಟ ಚಾಕೊಲೇಟ್ ಮರಿಯನ್ನೇ ತನ್ನಿ. ಈಜಿದ ಮೇಲೆ, ಸ್ನಾನ ಆದ ಮೇಲೆ ಕಿವಿ ಒರೆಸಿ ಒಣಗಿಸುವ ಕೆಲಸ ಅವಳಿಗೇ ಕೊಡಿ. ವಾರಕ್ಕೊಮ್ಮೆ ಕಿವಿಯೊಳಗೆ ಕೆಂಪಾಗಿದೆಯೇ, ವಾಸನೆ ಇದೆಯೇ ಅಂತ ನೀವು ನೋಡಿ.